ನಿಯಾಜನ ಹರ್ನಿಯಾಕ್ಕೆ ಸರ್ಕಾರದ ರೂಲು

ನಜೀರಾ: ಅದೆಲ್ಲ ಬ್ಯಾಡ. ಇವತ್ತು ಆಸ್ಪತ್ರೆಗೆ ಹೋಗ್ತೀರೋ ಇಲ್ವೋ, ಅಷ್ಟು ಹೇಳ್ರಿ.

ನಿಯಾಜ್: ಹೋಗಲ್ಲ ಅಂತ ನಾನೆಲ್ಲಿ ಅಂದೆ? ಹೋಗಾಕೆ ಬರಲ್ಲ ಅಂದೆ. ರೂಲು ಬಿಡಲ್ಲ ಕಣೆ.

ನಜೀರಾ: ಯಾವ ರೂಲು?

ನಿಯಾಜ್: ಆಯುಷ್ಮಾನ್ ಕಾರ್ಡಿನ ರೂಲು. ಆಧಾರ್‌ನಾಗೆ ನನ್ನ ಹೆಸರು ನಿಯಾಜ್ ಅಹಮದ್ ಅಂತ ಐತೆ. ರೇಷನ್ ಕಾರ್ಡಿನಾಗೆ ನಯಾಜ್ ಅಹ್ಮದ್ ಅಂತ ಐತೆ. ಸರ್ಕಾರದ ಕಣ್ಣಿಗೆ ಇಬ್ರೂ ಬೇರೆ ಬೇರೆ ಗಂಡಸರು.

ನಜೀರಾ: ಹಂಗಾದ್ರೆ ಇಷ್ಟು ವರ್ಷ ನಾನು ಯಾವ ಗಂಡಸಿನ ಅಕ್ಕಿ ಬೇಯಿಸ್ತಾ ಇದೀನಿ?

ನಿಯಾಜ್: ಅಕ್ಕಿಗೆ ಹೆಬ್ಬೆಟ್ಟು ಸಾಕು. ಆಪರೇಷನ್ನಿಗೆ ಹೆಸರು ಬೇಕು.

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಿಯಾಜ್ ಅಹಮದನದು ಗಾದಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಆಚೆ ಈಚೆ ನಿಂತು ಗಂಡ ಹೆಂಡತಿ ಮಾತಾಡಿದರೆ ರಸ್ತೆಯಲ್ಲಿ ಹೋಗುವವರಿಗೆ ಗಿರಾಕಿಯ ಜೊತೆ ಚೌಕಾಸಿ ನಡೆದಂತೆ ಕೇಳುತ್ತಿತ್ತು. ಅಜ್ಜನ ಕಾಲದಿಂದ ಹತ್ತಿ ಹಿಂಜಿದ ಮನೆತನ. ನಿಯಾಜನ ಕಾಲಕ್ಕೆ ಹಿಂಜುವ ಕೆಲಸ ಮಷೀನಿಗೆ ಹೋಯಿತು, ಹೊರುವ ಕೆಲಸ ಮಾತ್ರ ಹೆಗಲ ಮೇಲೇ ಉಳಿಯಿತು. ಒಂದು ಹೆಗಲಿಗೆ ಎರಡು ಗಾದಿ ಎತ್ತಿಕೊಂಡು ನಡೆಯುವ ಗಂಡಸು ಅಂತ ಆ ಓಣಿಯಲ್ಲಿ ಅವನಿಗೆ ಹೆಸರು. ಆ ಹೆಸರನ್ನು ಅವನು ಮೀಸೆಯ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದ.

ನ್ಯಾಮತಿಯ ಒಂದು ಮದುವೆ ಮನೆಗೆ ಗಾದಿ ಕೊಡಲು ಹೋಗಿ, ಇಕ್ಕಟ್ಟಾದ ಮೆಟ್ಟಿಲು ಹತ್ತುವಾಗ ಹೊಟ್ಟೆಯ ಕೆಳಗೆ ಏನೋ ಸರಕ್ ಅಂದಂತಾಗಿತ್ತು. ಅದನ್ನು ಅವನು ಗ್ಯಾಸ್ ಅಂದ. ಆಮೇಲೆ ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಂಡಿತು. ಅದನ್ನು ಕೊಬ್ಬು ಅಂದ. ಗಂಟು ದಪ್ಪ ಆಗುತ್ತಾ ಹೋಯಿತು, ಕೆಮ್ಮಿದರೆ ಹೊರಗೆ ಬರುವುದು, ಮಲಗಿದರೆ ಒಳಗೆ ಹೋಗುವುದು. ಕೊನೆಗೆ ನಜೀರಾಳ ಕಾಟ ತಾಳಲಾರದೆ ತಾಲೂಕು ಆಸ್ಪತ್ರೆಗೆ ಒಬ್ಬನೇ ಹೋಗಿ ಬಂದು, ಡಾಕ್ಟ್ರು ನೋಡಾನ ಅಂದ್ರು ಅಂತ ಹೇಳಿ ಊಟಕ್ಕೆ ಕುಳಿತ. ಮರುದಿನ ನಜೀರಾ ತಾನೇ ಹೋಗಿ ಡಾಕ್ಟರ್ ಶಾಂತಲಾ ಅವರನ್ನು ಕೇಳಿದಳು. ನೋಡೋಣ ಅಂದದ್ದು ನಿಜವೇ. ಆದರೆ ನೋಡೋಣ ಅಂದದ್ದು ನಿಯಾಜ್. ಡಾಕ್ಟರು ಹೇಳಿದ್ದು ಬೇರೆ. ಇದು ಹರ್ನಿಯಾ, ಮಾತ್ರೆಗೆ ಹೋಗುವಂಥದ್ದಲ್ಲ, ಆಪರೇಷನ್ ಆಗಬೇಕು, ಕರುಳು ಆ ಸಂದಿಯಲ್ಲಿ ಸಿಕ್ಕಿಕೊಂಡರೆ ಆಮೇಲೆ ಓಡಿದರೂ ಪ್ರಯೋಜನ ಇಲ್ಲ.

ನಿಯಾಜನಿಗೆ ನೋವಿನ ಹೆದರಿಕೆ ಇರಲಿಲ್ಲ. ದಬ್ಬಣ ಬೆರಳಿಗೆ ಹೊಕ್ಕರೂ ಬಾಯಲ್ಲಿ ಚೀಪಿಕೊಂಡು ಹೊಲಿಗೆ ಮುಂದುವರಿಸುವವನು ಅವನು. ಆದರೆ ಮಂಚದ ಮೇಲೆ ಅಂಗಾತ ಮಲಗಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ನಾಲ್ಕು ಜನ ಸುತ್ತ ನಿಂತು ತನ್ನ ಹೊಟ್ಟೆ ನೋಡುವುದನ್ನು ನೆನೆದರೆ ಅಂಗೈ ಬೆವರುತ್ತಿತ್ತು. ಇದನ್ನು ಹೆಂಡತಿಗೆ ಹೇಳುವುದು ಹೇಗೆ? ಹೆದರಿಕೆ ಅಂತ ಹೇಳಿದರೆ ಮಾನ ಹೋಗುತ್ತದೆ. ರೂಲು ಅಂತ ಹೇಳಿದರೆ ಮಾನವೂ ಉಳಿಯುತ್ತದೆ, ಹೊಟ್ಟೆಯೂ ಉಳಿಯುತ್ತದೆ.

ರೂಲುಗಳನ್ನು ಅವನಿಗೆ ಒದಗಿಸುತ್ತಿದ್ದವನು ನಾಗರಾಜಪ್ಪ. ಎದುರು ಸಾಲಿನಲ್ಲಿ ಅಡಿಕೆ ಖರೀದಿ ಅಂಗಡಿ ಇಟ್ಟವನು, ಮೂಲ ಸಂತೇಬೆನ್ನೂರಿನವನು, ನಿಯಾಜನಿಗೆ ಹಳೇ ದೋಸ್ತ. ಮಧ್ಯಾಹ್ನ ವ್ಯಾಪಾರ ಮಂದವಾದಾಗ ಬಂದು ಹತ್ತಿ ಮೂಟೆಯ ಮೇಲೆ ಕೂರುತ್ತಿದ್ದ. ಅವನ ಹತ್ತಿರ ಒಂದು ಖಾಸಗಿ ಕಂಪನಿಯ ಆರೋಗ್ಯ ಪಾಲಿಸಿ ಇತ್ತು. ಹಿಂದೊಮ್ಮೆ ಆ ಕಂಪನಿ ಯಾವುದೋ ಷರತ್ತು ತೋರಿಸಿ ಅವನ ಅರ್ಜಿಯನ್ನು ತಳ್ಳಿಹಾಕಿತ್ತು. ಅವತ್ತಿನಿಂದ ನಾಗರಾಜಪ್ಪ ಪಾಲಿಸಿ ಪುಸ್ತಕದ ಸಣ್ಣಕ್ಷರಗಳನ್ನೆಲ್ಲ ಓದಿ ಬಾಯಿಪಾಠ ಮಾಡಿಕೊಂಡಿದ್ದ. ಹಳೇ ಕಾಯಿಲೆ ಇದ್ದರೆ ಕೊಡುವುದಿಲ್ಲ, ಹರ್ನಿಯಾಕ್ಕೆ ವರ್ಷಗಟ್ಟಲೆ ಕಾಯಬೇಕು, ವಯಸ್ಸಾದರೆ ತಕರಾರು, ರೂಮಿನ ಬಾಡಿಗೆಗೆ ಮಿತಿ. ಅವನು ಒಂದೊಂದೇ ಹೇಳುತ್ತಾ ಹೋದಂತೆ ನಿಯಾಜನಿಗೆ ಎದೆ ಹಗುರಾಗುತ್ತಿತ್ತು. ಅದು ಕಂಪನಿಯ ರೂಲೋ ಸರ್ಕಾರದ ರೂಲೋ ಅಂತ ಅವನು ಕೇಳಲು ಹೋಗಲಿಲ್ಲ.

ಹೆಸರಿನ ತಕರಾರು ಬಹಳ ದಿನ ಬಾಳಲಿಲ್ಲ. ನಜೀರಾ ಎರಡೂ ಕಾರ್ಡು, ಗಂಡನ ಹೆಬ್ಬೆಟ್ಟು, ಅದರ ಹಿಂದೆ ಗಂಡ, ಇಷ್ಟನ್ನೂ ಎಳೆದುಕೊಂಡು ಸೈಬರ್ ಸೆಂಟರಿಗೆ ಹೋದಳು. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ಪ್ರಮೀಳಾ, ಅರ್ಧ ತಾಲೂಕಿನ ಜನಕ್ಕೆ ಎರಡೆರಡು ಹೆಸರು ಅದಾವೆ ಬಿಡಿ ಅಂತ ಹೇಳಿ ತಿದ್ದುಪಡಿಗೆ ಹಾಕಿಕೊಟ್ಟಳು. ಕೆಲವು ದಿನದ ಮೇಲೆ ಆಯುಷ್ಮಾನ್ ಕಾರ್ಡು ಲ್ಯಾಮಿನೇಷನ್ ಆಗಿ ಕೈಗೆ ಬಂತು. ಅದರಲ್ಲಿದ್ದ ಫೋಟೋದಲ್ಲಿ ನಿಯಾಜ್ ಆಗಲೇ ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತವನ ಹಾಗೆ ಕಾಣುತ್ತಿದ್ದ.

ನಜೀರಾ: ಈಗೇನು ಹೇಳ್ತೀರಿ? ಹೆಸರು ಸರಿಹೋಯ್ತು. ಬರ್ರಿ.

ನಿಯಾಜ್: ಕಾರ್ಡ್ ಇದ್ರೆ ಮುಗೀತಾ? ದೊಡ್ಡ ಆಸ್ಪತ್ರೆಗೆ ಸೀದಾ ಹೋಗೋ ಹಂಗಿಲ್ಲ. ಮೊದ್ಲು ಸರ್ಕಾರಿ ಆಸ್ಪತ್ರೆಯೋರು, ನಮ್ಮ ಕೈಲಿ ಆಗಲ್ಲ, ಅಲ್ಲಿ ಮಾಡಿಸ್ಕೊಳ್ಳಿ ಅಂತ ಪತ್ರ ಬರೀಬೇಕು.

ನಜೀರಾ: ಬರೆಸ್ಕೊಳ್ಳಾನ. ಡಾಕ್ಟ್ರು ಇದಾರೆ, ಪೆನ್ನು ಐತೆ.

ನಿಯಾಜ್: ಅವಸರ ಯಾಕೆ ಅಂತೀನಿ. ಅದ್ರಾಗೆ ಇನ್ನೊಂದು ರೂಲು ಐತೆ. ಎಮರ್ಜೆನ್ಸಿ ಆದ್ರೆ ಪತ್ರ ಬೇಕಿಲ್ಲ, ಸೀದಾ ಸೇರಿಸ್ಕೋತಾರೆ. ಸ್ವಲ್ಪ ದಿನ ಕಾದು, ಎಮರ್ಜೆನ್ಸಿ ಆದ ಮ್ಯಾಲೆ ಹೋದ್ರೆ ಓಡಾಟ ಉಳೀತೈತೆ.

ನಜೀರಾ: ಅಂದ್ರೆ ಪ್ರಾಣ ಹೋಗೋ ಹೊತ್ತಿಗೆ ಹೋಗಾನ ಅಂತೀರಿ.

ನಿಯಾಜ್: ನಾನಲ್ಲ ಕಣೆ ಅಂತಿರೋದು. ರೂಲು ಹಂಗೈತೆ.

ನಜೀರಾ: ಆ ರೂಲಿಗೆ ಹೆಂಡ್ತಿ ಮಕ್ಕಳು ಇಲ್ಲ. ಚಪ್ಪಲಿ ಹಾಕ್ಕೊಳ್ರಿ.

ಡಾಕ್ಟರ್ ಶಾಂತಲಾ ಅವನನ್ನು ಮಲಗಿಸಿ, ಕೆಮ್ಮಿಸಿ, ಬಿಪಿ ನೋಡಿ, ಎದೆಗೆ ವೈರುಗಳನ್ನು ಅಂಟಿಸಿ ಇಸಿಜಿ ತೆಗೆಸಿದರು. ಆ ಉದ್ದನೆಯ ಪಟ್ಟಿ ಹೊರಗೆ ಬರುವುದನ್ನು ನಿಯಾಜ್ ಬಹಳ ಆಸೆಯಿಂದ ನೋಡಿದ. ಹೃದಯ ಏನಾದರೂ ಸ್ವಲ್ಪ, ಜೀವಕ್ಕೆ ಅಪಾಯವಿಲ್ಲದಷ್ಟು, ಕೆಟ್ಟಿದ್ದರೆ ಆಪರೇಷನ್ ಬೇಡ ಅನ್ನಬಹುದು ಅಂತ ಅವನ ಲೆಕ್ಕ.

ನಿಯಾಜ್: ಮೇಡಂ, ನನ್ನ ಹಾರ್ಟು ತಡ್ಕೊಳ್ಳುತ್ತಾ? ಮುಚ್ಚುಮರೆ ಮಾಡಬೇಡಿ, ಹೇಳಿಬಿಡಿ.

ಶಾಂತಲಾ: ಹಾರ್ಟು ಚೆನ್ನಾಗಿದೆ. ಬಿಪಿ ಸ್ವಲ್ಪ ಜಾಸ್ತಿ ಇದೆ, ಮಾತ್ರೆ ಕೊಡ್ತೀನಿ. ಗಂಟು ದೊಡ್ಡದಾಗಿದೆ, ಬಿಪಿನೂ ಇದೆ, ಅದಕ್ಕೆ ದಾವಣಗೆರೆಗೆ ಬರೆದುಕೊಡ್ತೀನಿ. ಎಲ್ಲಾ ಸೌಕರ್ಯ ಇರೋ ಕಡೆ ಆಗಲಿ.

ನಿಯಾಜ್: ಬಿಪಿ ಇಳಿಯೋ ತನಕ ಕಾಯಬೇಕಲ್ಲ ಮೇಡಂ? ಎಷ್ಟು ವರ್ಷ ಹಿಡೀಬಹುದು?

ಡಾಕ್ಟರ್ ತಲೆ ಎತ್ತಿ ನಜೀರಾಳ ಮುಖ ನೋಡಿದರು. ನಜೀರಾ ಛಾವಣಿಯ ಫ್ಯಾನ್ ನೋಡಿದಳು. ಒಂದು ವಾರ ಮಾತ್ರೆ ತಗೊಂಡು ಹೋಗಿ ಸಾಕು, ಈ ಪ್ರಶ್ನೆಗಳನ್ನ ದಿನಾ ಕೇಳ್ತಿದ್ರೆ ಮನೆಯವರಿಗೂ ಒಂದು ಸಲ ಬಿಪಿ ನೋಡ್ಬೇಕಾಗುತ್ತೆ ಅಂತ ಹೇಳಿ ಅವರು ಪತ್ರಕ್ಕೆ ಸೀಲು ಒತ್ತಿದರು. ಆ ಸೀಲಿನ ಸದ್ದು ನಿಯಾಜನಿಗೆ ಹೊಟ್ಟೆಯ ಒಳಗೆ ಕೇಳಿಸಿತು.

ದಾವಣಗೆರೆಗೆ ಹೋಗುವ ದಿನ ನಿಯಾಜ್ ನಾಗರಾಜಪ್ಪನನ್ನೂ ಹೊರಡಿಸಿದ. ಓದಿಕೊಂಡವರು ಜೊತೆಗಿದ್ದರೆ ಒಳ್ಳೆಯದು ಅಂತ ಹೆಂಡತಿಗೆ ಹೇಳಿದ. ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಕಂಪನಿಯನ್ನು ಎದುರಿಸಿ ಸೋತು ಬಂದವನು ಪಕ್ಕದಲ್ಲಿ ಇದ್ದರೆ ಸೋಲುವುದು ಹೇಗೆ ಅಂತ ದಾರಿ ತೋರಿಸಿಯಾನು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು, ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಅಂತ ಮಾತಾಡಿಕೊಂಡರು. ಹಿಂದಿನ ಸೀಟಿನಲ್ಲಿ ನಜೀರಾ ಕಾಗದದ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಸಿಟ್ಟಾಗಿದ್ದಾಳೆ ಅಂದುಕೊಂಡ ನಿಯಾಜ್.

ಸರ್ಕಾರದ ಯೋಜನೆಗೆ ಸೇರಿದ ಒಂದು ದೊಡ್ಡ ಆಸ್ಪತ್ರೆ. ಬಾಗಿಲು ದಾಟಿದ ಕೂಡಲೇ ಆರೋಗ್ಯ ಮಿತ್ರ ಅಂತ ಬೋರ್ಡು ಹಾಕಿದ ಒಂದು ಮೇಜು, ಅದರ ಹಿಂದೆ ಚೈತ್ರಶ್ರೀ ಅನ್ನುವ ಹುಡುಗಿ. ಕಾರ್ಡು ಹಿಡಿದು ಬಂದ ಬಡವರಿಗೆ ದಾರಿ ತೋರಿಸುವುದೇ ಅವಳ ಕೆಲಸ. ಕಾರ್ಡು, ಪತ್ರ, ಆಧಾರ್ ಎಲ್ಲ ನೋಡಿ, ಎಲ್ಲ ಸರಿ ಇದೆ ಅಂದಳು. ನಿಯಾಜ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ನಿಯಾಜ್: ಒಂದು ವಿಷಯ ಮೇಡಂ. ಈ ಕಾಯಿಲೆ ನನಗೆ ಕಾರ್ಡ್ ಮಾಡಿಸೋಕೆ ಮುಂಚೇನೇ ಇತ್ತು. ಸರ್ಕಾರಕ್ಕೆ ಸುಳ್ಳು ಹೇಳಬಾರದಲ್ಲ, ಅದಕ್ಕೆ ಹೇಳ್ತಿದೀನಿ.

ಚೈತ್ರಶ್ರೀ: ಪರವಾಗಿಲ್ಲ ಸರ್. ಹಳೇ ಕಾಯಿಲೆಗೂ ಬರುತ್ತೆ.

ನಿಯಾಜ್ ನಾಗರಾಜಪ್ಪನ ಕಡೆ ನೋಡಿದ. ನಾಗರಾಜಪ್ಪ ಗಂಟಲು ಸರಿಮಾಡಿಕೊಂಡ.

ನಾಗರಾಜಪ್ಪ: ಅಲ್ಲಮ್ಮ, ಹರ್ನಿಯಾಕ್ಕೆ ಎರಡು ವರ್ಷ ಕಾಯಬೇಕು ಅಂತ ಐತಲ್ಲ?

ಚೈತ್ರಶ್ರೀ: ಅದು ಪ್ರೈವೇಟ್ ಪಾಲಿಸಿನಲ್ಲಿ ಸರ್. ಇಲ್ಲಿ ಕಾಯೋದು ಏನೂ ಇಲ್ಲ.

ನಾಗರಾಜಪ್ಪ: ಕಾಯೋದೇ ಇಲ್ವಾ?

ಚೈತ್ರಶ್ರೀ: ಇಲ್ಲ ಸರ್.

ನಿಯಾಜ್: ವಯಸ್ಸು? ನನಗೆ ಬಹಳ ವಯಸ್ಸಾಗಿದೆ ಮೇಡಂ. ಕಾಣಲ್ಲ, ಆದ್ರೆ ಆಗಿದೆ.

ಚೈತ್ರಶ್ರೀ: ವಯಸ್ಸಿನ ಮಿತಿ ಇಲ್ಲ.

ನಿಯಾಜ್: ನಮ್ಮನೇಲಿ ಜನ ಜಾಸ್ತಿ.

ಚೈತ್ರಶ್ರೀ: ಎಷ್ಟಾದರೂ ಇರಲಿ. ರೇಷನ್ ಕಾರ್ಡಿನಲ್ಲಿ ಹೆಸರಿದ್ದರೆ ಆಯ್ತು.

ನಾಗರಾಜಪ್ಪ: ರೂಮಿನ ಬಾಡಿಗೆಗೆ ಮಿತಿ ಐತಾ?

ಚೈತ್ರಶ್ರೀ: ಜನರಲ್ ವಾರ್ಡಿನಲ್ಲಿ ಮಂಚ ಕೊಡ್ತಾರೆ ಸರ್. ಅದಕ್ಕೆ ನೀವು ಏನೂ ಕೊಡೋ ಹಾಗಿಲ್ಲ. ಊಟ, ಔಷಧಿನೂ ಅದರಲ್ಲೇ ಬರುತ್ತೆ.

ನಾಗರಾಜಪ್ಪನ ಮುಖದಲ್ಲಿ ಏನೋ ಬದಲಾಯಿತು. ವರ್ಷವರ್ಷವೂ ಪ್ರೀಮಿಯಂ ಕಟ್ಟಿ, ಕಟ್ಟಿದ ರಸೀತಿಗಳನ್ನು ದೇವರ ಕೋಣೆಯಲ್ಲಿ ಇಟ್ಟುಕೊಂಡ ಮನುಷ್ಯ. ಅವನು ಕುರ್ಚಿಯನ್ನು ನಿಯಾಜನ ಪಕ್ಕದಿಂದ ಮೇಜಿನ ಪಕ್ಕಕ್ಕೆ ಸರಿಸಿಕೊಂಡು, ಸ್ವರ ತಗ್ಗಿಸಿ, ನಮ್ಮಂಥೋರಿಗೆ ಏನಾದರೂ ಐತೇನಮ್ಮ ಅಂತ ಕೇಳಿದ. ಬಿಪಿಎಲ್ ಅಲ್ಲದವರಿಗೂ ಯೋಜನೆ ಇದೆ, ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತದೆ, ಉಳಿದದ್ದನ್ನು ಅವರೇ ಹಾಕಿಕೊಳ್ಳಬೇಕು, ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಅಂತ ಬೇರೆಯೇ ಒಂದು ಇದೆ, ಅದನ್ನು ಸಂಘದಲ್ಲಿ ಕೇಳಿ ಅಂತ ಚೈತ್ರಶ್ರೀ ವಿವರಿಸಿದಳು. ನಾಗರಾಜಪ್ಪ ಒಂದೊಂದಕ್ಕೂ ಹೌದಾ, ಹೌದಾ ಅನ್ನುತ್ತಿದ್ದ. ನಿಯಾಜನಿಗೆ ತನ್ನ ಕಡೆಯ ವಕೀಲ ಎದುರು ಪಾರ್ಟಿಗೆ ಸೇರಿಕೊಂಡಂತಾಯಿತು.

ನಿಯಾಜ್: ನಾಗರಾಜಣ್ಣ, ನನ್ನ ಕೇಸು ಮುಗಿದಿಲ್ಲ.

ನಾಗರಾಜಪ್ಪ: ನಿಮ್ಮದು ಮುಗೀತು ಸಾಬ್ರೆ. ಎಲ್ಲಾ ಬರುತ್ತೆ ಅಂದ್ರಲ್ಲ. ಸ್ವಲ್ಪ ಸುಮ್ನಿರಿ, ನಾನು ಕೇಳ್ಕೋತೀನಿ.

ನಿಯಾಜ್: ಮೇಡಂ, ಕೊನೇದು. ನನಗೆ ಬಿಪಿ ಐತೆ. ಬಿಪಿ ಇದ್ದೋರಿಗೆ ಕೊಡಲ್ಲ ಅಲ್ವಾ?

ಚೈತ್ರಶ್ರೀ ಪೆನ್ನು ಕೆಳಗಿಟ್ಟಳು.

ಚೈತ್ರಶ್ರೀ: ಸರ್, ನಾನು ಈ ಮೇಜಿಗೆ ಬಂದಾಗಿನಿಂದ ನೋಡ್ತಿದೀನಿ. ಎಲ್ಲರೂ ನನಗೆ ಬರುತ್ತಾ ಅಂತ ಕೇಳ್ತಾರೆ. ಬರಲ್ಲ ಅಲ್ವಾ ಅಂತ ಕೇಳಿದೋರು ನೀವೊಬ್ರೇ.

ನಜೀರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು.

ಇನ್ನು ಉಳಿದದ್ದು ಒಪ್ಪಿಗೆ. ಕಂಪ್ಯೂಟರಿನಲ್ಲಿ ಕಳಿಸಿದರೆ ಮೇಲಿನವರು ನೋಡಿ ಒಪ್ಪಿಗೆ ಕೊಡಬೇಕು. ಸರ್ಕಾರದ ಕೆಲಸ, ಹೇಗೂ ತಿಂಗಳು ಹಿಡಿಯುತ್ತದೆ ಅಂತ ನಿಯಾಜ್ ಧೈರ್ಯ ತಂದುಕೊಂಡು ಎಲ್ಲರಿಗೂ ಟೀ ಕೊಡಿಸಿದ. ಹುಟ್ಟಿದಾಗಿನಿಂದ ಯಾವ ಕಚೇರಿಯಲ್ಲೂ ಅವನ ಕೆಲಸ ಒಂದೇ ಸಲಕ್ಕೆ ಆದದ್ದಿಲ್ಲ. ಆ ನಂಬಿಕೆಯ ಮೇಲೆ ಅವನು ಬನ್ನನ್ನೂ ತರಿಸಿದ. ಬನ್ನು ಮುಗಿಯುವಷ್ಟರಲ್ಲಿ ಚೈತ್ರಶ್ರೀ ಬಾಗಿಲಿಗೆ ಬಂದು, ಅಪ್ರೂವಲ್ ಬಂತು ಸರ್, ಇವತ್ತೇ ಅಡ್ಮಿಟ್ ಆಗಿ, ನಾಳೆ ಬೆಳಿಗ್ಗೆ ಆಪರೇಷನ್ ಅಂತ ನಗುತ್ತಾ ಹೇಳಿದಳು. ಸರ್ಕಾರ ತನ್ನ ಪಾಲಿಗೆ ಮಾತ್ರ ಇಷ್ಟು ಚುರುಕಾಗಬೇಕಾಗಿತ್ತೇ ಅಂತ ನಿಯಾಜನಿಗೆ ಅನ್ನಿಸಿತು. ನಾಗರಾಜಪ್ಪ ಅವನ ಬೆನ್ನು ತಟ್ಟಿ, ಯಶಸ್ವಿನಿಯ ವಿಚಾರ ಸಂಘದಲ್ಲಿ ಕೇಳಬೇಕು ಅಂತ ಹೇಳಿ ಮುಂದಿನ ಬಸ್ಸಿಗೆ ಓಡಿದ.

ಮರುದಿನ ಬೆಳಿಗ್ಗೆ ನಿಯಾಜನಿಗೆ ಒಂದು ಹಸಿರು ನಿಲುವಂಗಿ ತೊಡಿಸಿದರು. ಹಿಂದುಗಡೆ ದಾರ ಕಟ್ಟುವ ಅಂಗಿ. ಎಷ್ಟು ಕಟ್ಟಿದರೂ ಎಲ್ಲೋ ಒಂದು ಕಡೆ ಗಾಳಿ ಬರುತ್ತಿತ್ತು. ಎರಡು ಕೈಯಿಂದಲೂ ಹಿಂದೆ ಹಿಡಿದುಕೊಂಡು ಮಂಚದ ಅಂಚಿಗೆ ಕೂತಿದ್ದ. ಇನ್ನು ಯಾವ ರೂಲೂ ಉಳಿದಿಲ್ಲ ಅಂತ ಗೊತ್ತಾದ ಮೇಲೆ ಅವನಿಗೆ ಒಂದು ಥರ ನಿರಾಳವೇ ಆಗಿತ್ತು. ಪರೀಕ್ಷೆಗೆ ಓದದೆ ಬಂದ ಹುಡುಗ ಗಂಟೆ ಹೊಡೆದ ಮೇಲೆ ಸುಮ್ಮನಾಗುವ ಹಾಗೆ.

ಸಿಸ್ಟರ್ ಒಂದು ಹಾಳೆ ತಂದು ನಜೀರಾಳ ಕೈಗೆ ಕೊಟ್ಟರು. ಆಪರೇಷನ್ನಿಗೆ ಮನೆಯವರ ಒಪ್ಪಿಗೆ. ರೋಗಿಯದು ಒಂದು ಸಹಿ, ಹೆಂಡತಿಯದು ಒಂದು. ಓದಲು ಬರುತ್ತಾ ಅಂತ ಕೇಳಿ, ಬರುತ್ತೆ ಅಂದರೂ ನಿಯಮದಂತೆ ತಾವೇ ಗಟ್ಟಿಯಾಗಿ ಓದಿ ಹೇಳಿದರು. ಅರಿವಳಿಕೆಯಿಂದ ತೊಂದರೆ ಆಗಬಹುದು. ರಕ್ತ ಹೋಗಬಹುದು. ಕೆಲವೊಮ್ಮೆ, ಬಹಳ ಅಪರೂಪಕ್ಕೆ, ಜೀವಕ್ಕೇ ಅಪಾಯ ಆಗಬಹುದು. ಇದೆಲ್ಲ ನನಗೆ ತಿಳಿಸಲಾಗಿದೆ. ನಿಯಾಜ್ ತನ್ನ ಜಾಗದಲ್ಲಿ ಸಹಿ ಹಾಕಿ ಪೆನ್ನನ್ನು ಹೆಂಡತಿಗೆ ಕೊಟ್ಟ. ನಜೀರಾ ಪೆನ್ನು ಹಿಡಿದಳು. ಹಿಡಿದವಳು ಹಾಗೇ ಇದ್ದಳು.

ನಜೀರಾ: ಏಳ್ರಿ. ಮನೆಗೆ ಹೋಗಾನ.

ನಿಯಾಜ್: ಏನಂದೆ?

ನಜೀರಾ: ಮನೆಗೆ ಹೋಗಾನ ಅಂದೆ. ಬಟ್ಟೆ ಹಾಕ್ಕೊಳ್ರಿ.

ನಿಯಾಜ್: ಲೇ, ಅಪ್ರೂವಲ್ ಬಂದೈತೆ.

ನಜೀರಾ: ವಾಪಸ್ ಕೊಟ್ಬಿಡಿ. ಬೇಕಾದೋರು ತಗೊಳ್ಳಲಿ.

ನಿಯಾಜ್: ಅದು ಸೀರೆ ಅಲ್ಲ ಕಣೆ, ಬಣ್ಣ ಇಷ್ಟ ಆಗಲಿಲ್ಲ ಅಂತ ವಾಪಸ್ ಕೊಡಾಕೆ. ನನ್ನ ಹೆಸರಿಗೆ, ನನ್ನ ಹೊಟ್ಟೆಗೆ ಬಂದಿರೋದು.

ನಜೀರಾ: ನೀವೇ ಹೇಳಿದ್ರಲ್ಲ. ಎಮರ್ಜೆನ್ಸಿ ಆದ್ರೆ ಸೀದಾ ಸೇರಿಸ್ಕೋತಾರೆ ಅಂತ. ಅವಾಗ ಬರಾನ.

ಸಿಸ್ಟರ್ ಇಬ್ಬರ ಮುಖವನ್ನೂ ನೋಡಿ, ಮಾತಾಡಿಕೊಳ್ಳಿ, ಬೇಗ ಮಾತಾಡಿಕೊಳ್ಳಿ ಅಂತ ಹೇಳಿ ಪಕ್ಕದ ಮಂಚದ ಕಡೆ ಹೋದರು. ಇಷ್ಟು ದಿನ ನಿಯಾಜ್ ಬಾಗಿಲು ಹುಡುಕಿ ಹುಡುಕಿ ಸುಸ್ತಾಗಿದ್ದ. ಈಗ ಅವನ ಹೆಂಡತಿ ತಾನೇ ಬಾಗಿಲು ತೆಗೆದು ಹಿಡಿದಿದ್ದಳು. ಎದ್ದು ಹೊರಟರೆ ಆಯಿತು. ಪ್ಯಾಂಟು ಮಂಚದ ಕೆಳಗೇ ಇತ್ತು. ಆದರೆ ಅವಳು ಹಾಳೆಯನ್ನು ತಲೆಕೆಳಗಾಗಿ ಹಿಡಿದಿರುವುದು ಅವನ ಕಣ್ಣಿಗೆ ಬಿತ್ತು. ಕಾಗದದ ವಿಷಯದಲ್ಲಿ ಅವಳು ತಪ್ಪಿದ್ದನ್ನು ಅವನು ಎಂದೂ ನೋಡಿರಲಿಲ್ಲ.

ನಿಯಾಜ್: ನಜೀರಾ, ಎಮರ್ಜೆನ್ಸಿ ಅಂದ್ರೆ ಏನು ಅಂತ ಡಾಕ್ಟ್ರು ನಿನಗೇ ಹೇಳಿದ್ರು. ಕರುಳು ಸಿಕ್ಕಾಕ್ಕೊಂಡ್ರೆ ಹೊನ್ನಾಳಿಯಿಂದ ಇಲ್ಲಿಗೆ ಬರೋದ್ರಾಗೆ ಏನಾಗುತ್ತೋ ಗೊತ್ತಿಲ್ಲ. ನಾನು ಸುಮ್ನೆ ಹೇಳಿದ ಮಾತನ್ನ ನೀನು ರೂಲು ಮಾಡ್ಕೋಬೇಡ.

ನಜೀರಾ: ಜೀವಕ್ಕೆ ಅಪಾಯ ಅಂತ ಬರ್ದವ್ರೆ ಇದ್ರಾಗೆ. ಅದ್ರ ಕೆಳಗೆ ನಾನು ಸಹಿ ಹಾಕಬೇಕಂತೆ. ನನ್ನ ಕೈಯಾರೆ.

ನಿಯಾಜ್: ಎಲ್ಲರ ಹಾಳೇಲೂ ಹಂಗೇ ಇರುತ್ತೆ ಕಣೆ. ಪಕ್ಕದ ಮಂಚದೋರದ್ರಾಗೂ ಐತೆ. ಅವರು ನಿನ್ನೆ ಮಾಡಿಸ್ಕೊಂಡು ಇವತ್ತು ಇಡ್ಲಿ ತಿಂತಾ ಇಲ್ವಾ?

ನಜೀರಾ ಪಕ್ಕದ ಮಂಚವನ್ನು ನೋಡಿದಳು. ಅಲ್ಲಿ ಜಗಳೂರು ಕಡೆಯ ಒಬ್ಬ ಮುದುಕ ನಿಜಕ್ಕೂ ಇಡ್ಲಿ ತಿನ್ನುತ್ತಿದ್ದ, ಚಟ್ನಿ ಸಾಲದು ಅಂತ ಸೊಸೆಯ ಮೇಲೆ ರೇಗುತ್ತಿದ್ದ.

ನಜೀರಾ: ಆ ಗಂಟು ಕಂಡ ದಿನದಿಂದ ನನಗೆ ಹೆದರಿಕೆ. ನೀವು ಮಲಗಿದ್ರೆ ಉಸಿರು ಬರ್ತೈತಾ ಅಂತ ನೋಡ್ತಿದ್ದೆ.

ನಿಯಾಜ್: ಮತ್ತೆ ನನ್ನ ಇಷ್ಟು ಓಡಾಡಿಸಿದ್ದು? ಸೈಬರ್ ಸೆಂಟರು, ಡಾಕ್ಟ್ರು, ಪತ್ರ?

ನಜೀರಾ: ಓಡಾಡ್ತಿದ್ರೆ ಹೆದರಿಕೆ ಗೊತ್ತಾಗಲ್ಲ. ಈಗ ಓಡಾಡಾಕೆ ಏನೂ ಉಳಿದಿಲ್ಲ ನೋಡ್ರಿ.

ನಿಯಾಜ್ ನಿಲುವಂಗಿಯನ್ನು ಹಿಡಿದಿದ್ದ ಒಂದು ಕೈಯನ್ನು ಬಿಟ್ಟು ಅವಳ ಕೈಯ ಮೇಲೆ ಇಟ್ಟ. ಹಿಂದಿನಿಂದ ಗಾಳಿ ಬಂತು, ಬರಲಿ ಅಂತ ಬಿಟ್ಟ.

ನಿಯಾಜ್: ನನಗೂ ಹೆದರಿಕೆ ಐತೆ ಕಣೆ. ಮೊದಲ್ನಿಂದ.

ನಜೀರಾ: ಗೊತ್ತು. ಇಲ್ಲದಿದ್ರೆ ಅಷ್ಟು ರೂಲು ಯಾರು ಕಲೀತಾರೆ?

ನಿಯಾಜ್: ಗೊತ್ತಿದ್ರೂ ಒಂದಿನ ಅನ್ನಲಿಲ್ಲ.

ನಜೀರಾ: ಅಂದ್ರೆ ನಿಮ್ಮ ಹೆಗಲು ಇಳಿದು ಹೋಗ್ತಿತ್ತು. ಗಿರಾಕಿ ಮುಂದೆ ಹೆಂಗೆ ನಿಲ್ತಿದ್ರಿ?

ಆಮೇಲೆ ನಿಯಾಜ್, ಜೀವನದಲ್ಲಿ ಮೊದಲ ಸಲ ಸರ್ಕಾರದ ಪರವಾಗಿ ಮಾತಾಡಿದ. ದುಡ್ಡಿನ ಚಿಂತೆ ಇಲ್ಲ, ಡಾಕ್ಟರು ಕಾಯುತ್ತಿದ್ದಾರೆ, ಇವತ್ತು ಬಿಟ್ಟರೆ ಮತ್ತೆ ಪತ್ರ, ಮತ್ತೆ ಬಸ್ಸು, ಮತ್ತೆ ಇದೇ ಅಂಗಿ, ಮತ್ತೆ ಇದೇ ಹೆದರಿಕೆ. ಒಂದೇ ಸಲಕ್ಕೆ ಹೆದರಿ ಮುಗಿಸಿಬಿಡೋಣ ಅಂತ ಹೇಳಿದ. ಹೇಳುತ್ತಾ ಹೇಳುತ್ತಾ ಅದು ತನಗೇ ಸರಿ ಅನ್ನಿಸತೊಡಗಿತು. ಬೇರೆಯವರಿಗೆ ಧೈರ್ಯ ಹೇಳುವುದು ಇಷ್ಟು ಸುಲಭ ಅಂತ ಮೊದಲೇ ಗೊತ್ತಿದ್ದರೆ ಯಾರಾದರೂ ಹೆದರುವವರನ್ನು ಹುಡುಕಿಕೊಂಡು ಹೋಗುತ್ತಿದ್ದೆನಲ್ಲ ಅಂದುಕೊಂಡ.

ನಜೀರಾ ಕಣ್ಣು ಒರೆಸಿಕೊಂಡು ಸಹಿ ಹಾಕಿದಳು. ಅಕ್ಷರಗಳು ಸೊಟ್ಟಗಾದವು. ಸಿಸ್ಟರ್ ಗಾಲಿ ಕುರ್ಚಿ ತಂದರೆ ನಿಯಾಜ್ ಬೇಡ ಅಂದ. ಹಿಂದೆ ಎರಡು ಕೈಯಲ್ಲಿ ಅಂಗಿ ಹಿಡಿದುಕೊಂಡು, ಎದೆ ಮುಂದೆ ಮಾಡಿ, ತಾನೇ ನಡೆದು ಒಳಗೆ ಹೋದ. ಬಾಗಿಲ ಹತ್ತಿರ ತಿರುಗಿ ನೋಡೋಣ ಅನ್ನಿಸಿತು. ತಿರುಗಿದರೆ ವಾಪಸ್ ಬಂದುಬಿಡುತ್ತೇನೆ ಅಂತ ಗೊತ್ತಿದ್ದರಿಂದ ತಿರುಗಲಿಲ್ಲ.

ಒಳಗೆ ಅವನು ನೆನೆಸಿಕೊಂಡಷ್ಟು ಏನೂ ಇರಲಿಲ್ಲ. ಬೆನ್ನಿಗೆ ಒಂದು ಸೂಜಿ ಚುಚ್ಚಿದರು, ಸೊಂಟದ ಕೆಳಗೆ ಮೈ ತನ್ನದಲ್ಲ ಅನ್ನುವಂತಾಯಿತು. ಹೊಟ್ಟೆ ಕಾಣದ ಹಾಗೆ ಅಡ್ಡ ಒಂದು ಬಟ್ಟೆ ಕಟ್ಟಿದರು. ಮುಖ ಮುಚ್ಚಿಕೊಂಡವರಲ್ಲಿ ಒಬ್ಬ ಡಾಕ್ಟರು ಚನ್ನಗಿರಿಯವರು. ಅವರು ಏನು ಕೆಲಸ ಅಂತ ಕೇಳಿದ್ದೇ ತಡ, ಹತ್ತಿ ಗಾದಿ ಒಳ್ಳೆಯದೋ ಸ್ಪಂಜಿನದು ಒಳ್ಳೆಯದೋ ಅನ್ನುವ ಮಾತು ಶುರುವಾಗಿ, ನಿಯಾಜ್ ಸ್ಪಂಜನ್ನು ಬೈದು ಮುಗಿಸುವ ಮೊದಲೇ ಅವನ ಹೊಲಿಗೆ ಮುಗಿದಿತ್ತು. ಡಾಕ್ಟರು ಎಚ್ಚರಿಕೆ ಹೇಳಿದರು. ಕೆಲವು ದಿನ ಭಾರ ಎತ್ತಬಾರದು. ಕೆಮ್ಮಬೇಕಾದರೆ, ನಗಬೇಕಾದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿದುಕೊಳ್ಳಬೇಕು. ಆದಷ್ಟು ನಗದಿದ್ದರೇ ಒಳ್ಳೆಯದು.

ಮಧ್ಯಾಹ್ನದ ಹೊತ್ತಿಗೆ ವಾರ್ಡಿಗೆ ತಂದು ಮಲಗಿಸಿದರು. ಕಾಲಿಗೆ ಜೀವ ನಿಧಾನವಾಗಿ ಬರುತ್ತಿತ್ತು. ನಿಯಾಜ್ ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆ ಬಂದಿರಲಿಲ್ಲ. ನಿದ್ದೆ ಮಾಡಿದ್ದಾನೆ ಅಂದುಕೊಂಡ ನಜೀರಾ ಕಿಟಕಿಯ ಹತ್ತಿರ ನಿಂತು ಗೋವಿನಕೋವಿಯಲ್ಲಿದ್ದ ತಂಗಿ ನುಜಹತ್‌ಗೆ ಫೋನ್ ಮಾಡಿದಳು. ಅವಳ ಸ್ವರ ಎಂದಿನ ಸ್ವರಕ್ಕೆ ಬಂದಿತ್ತು.

ನಜೀರಾ: ಹ್ಞೂಂ, ಎಲ್ಲಾ ಸಸೂತ್ರ ಆಯ್ತು. ನಿಮ್ಮ ಭಾವಂದೇ ಕಷ್ಟ ನೋಡು. ಕೊನೇ ಹೊತ್ತಿನಾಗೆ ಹೆದರ್ಕೊಂಡು ಮನೆಗೆ ಹೋಗಾನ ಅಂತ ಕೂತ್ಬಿಟ್ರು.

ನಿಯಾಜ್ ಒಂದು ಕಣ್ಣು ತೆರೆದ.

ನಜೀರಾ: ಇಲ್ಲ ಬಿಡು, ನಾನೇನು ಹೆದರಲಿಲ್ಲ. ಸಿಸ್ಟರ್ ಮುಂದೇನೇ ಪೆನ್ನು ತಗೊಂಡು ಪಟ್ ಅಂತ ಸಹಿ ಹಾಕ್ದೆ. ಎಲ್ಲರ ಹಾಳೇಲೂ ಹಂಗೇ ಇರುತ್ತೆ ರೀ, ಪಕ್ಕದ ಮಂಚದೋರು ಇಡ್ಲಿ ತಿಂತಾ ಇಲ್ವಾ ಅಂತ ಧೈರ್ಯ ಹೇಳಿ, ಕೈ ಹಿಡ್ಕೊಂಡು ಬಾಗಿಲ ತನಕ ಬಿಟ್ಟು ಬಂದೆ.

ಪಕ್ಕದ ಮಂಚದ ಮುದುಕ ತಿರುಗಿ ನಿಯಾಜನನ್ನು ನೋಡಿದ. ನಿಯಾಜನ ಹೊಟ್ಟೆಯೊಳಗೆ ಎಲ್ಲಿಂದಲೋ ಒಂದು ನಗು ಮೇಲೆ ಬರತೊಡಗಿತು. ಅವನು ಎರಡು ಕೈಯಿಂದಲೂ ದಿಂಬು ಹುಡುಕಿ ಗಾಯದ ಮೇಲೆ ಒತ್ತಿಕೊಂಡ, ತುಟಿ ಕಚ್ಚಿಕೊಂಡ, ಜಗತ್ತಿನಲ್ಲಿರುವ ದುಃಖದ ಸಂಗತಿಗಳನ್ನೆಲ್ಲ ನೆನೆಸಿಕೊಂಡ. ಯಾವುದೂ ಕೆಲಸಕ್ಕೆ ಬರಲಿಲ್ಲ.

ನಜೀರಾ: ಪಾಪ, ಗಂಡಸರು ಹಂಗೇ ಕಣೆ. ನಾವು ಗಟ್ಟಿ ನಿಲ್ಲಬೇಕು.

ನಿಯಾಜ್: ನಜೀರಾ, ನಿನ್ನ ದಮ್ಮಯ್ಯ, ಆ ಫೋನ್ ಇಡು. ಇನ್ನೊಂದು ಮಾತು ಆಡಿದ್ರೆ ನಾನು ಎಮರ್ಜೆನ್ಸಿ ಆಗ್ತೀನಿ.